ನಾಯಿ ಮಲಗದ ಕೋಟು

ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ಜಲ್ಲಿ ರಸ್ತೆ ಮುಗಿದು ಕಾಡು ಶುರುವಾಗುವ ಕಡೆ ಹಳೆಯ ಪಿಕಪ್ ಒಂದು ಬಂದು ನಿಲ್ಲುತ್ತದೆ. ಅರವತ್ತಮೂರರ ವರ್ಲೀನ್ ಸ್ಟಿಡಮ್ ಎಂಜಿನ್ ಆರಿಸಿ, ಕಿಟಕಿಯ ಗಾಜು ಇಳಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಬಿಸಿ ಎಂಜಿನ್ ಆರುವಾಗ ಹೊರಡಿಸುವ ಟಿಕ್ ಟಿಕ್ ಸದ್ದು ನಿಲ್ಲುವವರೆಗೆ ಅವರು ಕಾಯಬೇಕು. ಅದರ ನಂತರದ ಮೌನವೇ ಅವರಿಗೆ ಬೇಕಾದದ್ದು.

ಹತ್ತು ನಿಮಿಷ ಹೋಗುತ್ತದೆ. ದೂರದಲ್ಲೊಂದು ಕಾಗೆ. ಕಣಿವೆಯ ಬುಡದಲ್ಲಿ ಕಲ್ಲಿದ್ದಲ ರೈಲು. ನಾಯಿಯ ದನಿ ಮಾತ್ರ ಇಲ್ಲ. ವರ್ಲೀನ್ ಇಳಿದು ಓಕ್ ಮರದ ಬುಡಕ್ಕೆ ನಡೆಯುತ್ತಾರೆ. ಅಲ್ಲಿ ಕಂದು ಬಣ್ಣದ ದಪ್ಪ ಕೋಟೊಂದನ್ನು ನೆಲಕ್ಕೆ ಹಾಸಿದೆ. ಅದರ ಮೇಲೆ ಹಿಮದ ಹುಡಿ ಎಲ್ಲೆಡೆ ಸಮನಾಗಿ ಕೂತಿದೆ.

"ನೋಡಿ, ಎಲ್ಲೂ ಕರಗಿಲ್ಲ. ರಾತ್ರಿ ಯಾರೂ ಇದರ ಮೇಲೆ ಮಲಗಿಲ್ಲ," ಎಂದು ವರದಿಗೆಂದು ಜೊತೆ ಬಂದ ನಮಗೆ ತೋರಿಸುತ್ತಾರೆ. ಇದು ಮೂರನೇ ಬೆಳಗು.

ಕೆಂಟಕಿಯ ಪೂರ್ವದ ಈ ಗುಡ್ಡಗಳಲ್ಲಿ ಚಳಿಗಾಲವೆಂದರೆ ರಕೂನ್ ಬೇಟೆಯ ಕಾಲ. ಕಣ್ಣಿಗೆ ಕಪ್ಪು ಪಟ್ಟಿ, ಬಾಲಕ್ಕೆ ಉಂಗುರ ಇರುವ ಈ ಪ್ರಾಣಿ ಕತ್ತಲಾದ ಮೇಲೆ ಓಡಾಡುತ್ತದೆ. ನಾಯಿಗಳು ವಾಸನೆ ಹಿಡಿದು ಅಟ್ಟಿಸಿಕೊಂಡು ಹೋಗಿ ಮರ ಹತ್ತಿಸುತ್ತವೆ, ಕೆಳಗೆ ನಿಂತು ಬೊಗಳುತ್ತವೆ. ಈಗ ಅದರ ತುಪ್ಪಳಕ್ಕೆ ಬೆಲೆ ಇಲ್ಲ. ಎಷ್ಟೋ ಜನ ಬಂದೂಕನ್ನೂ ಒಯ್ಯುವುದಿಲ್ಲ. ನಾಯಿ ಬಿಟ್ಟು, ಗುಡ್ಡದ ನೆತ್ತಿಯಲ್ಲಿ ಕೂತು, ಕತ್ತಲೊಳಗಿಂದ ಬರುವ ತಮ್ಮ ತಮ್ಮ ನಾಯಿಯ ದನಿಯನ್ನು ಕೇಳಿಸಿಕೊಳ್ಳುವುದೇ ಸುಖ. ಆದರೆ ನಾಯಿ ಎರಡು ಗುಡ್ಡ ದಾಟಿ ಹೋಯಿತೆಂದರೆ ದನಿ ಕೇಳಿಸುವುದಿಲ್ಲ. ಬೇಟೆಗೆ ಬಂದವರು ಬೆಳಗಾಗುವ ಹೊತ್ತಿಗೆ ಕೆಲಸಕ್ಕೂ ಹೋಗಬೇಕು. ಆಗ ನಾಯಿ ಬಿಟ್ಟ ಜಾಗದಲ್ಲೇ ತಮ್ಮ ಕೋಟು ಬಿಚ್ಚಿ ಹಾಸಿ ಮನೆಗೆ ಹೊರಡುತ್ತಾರೆ. ನಾಯಿ ತನ್ನ ಹೆಜ್ಜೆಯ ಜಾಡಿನಲ್ಲೇ ಹಿಂದೆ ಬಂದು, ಒಡೆಯನ ಮೈವಾಸನೆಯ ಮೇಲೆ ಸುತ್ತಿಕೊಂಡು ಮಲಗುತ್ತದೆ.

ಆ ಕೋಟು ಹಾಸಿದಲ್ಲೆಲ್ಲ ದಿನವೂ ಬೆಳಗ್ಗೆ ತಿರುಗುವುದು ವರ್ಲೀನ್ ಕೆಲಸ. ಮಲಗಿದ ನಾಯಿಯನ್ನು ಗಾಡಿಗೆ ಹತ್ತಿಸಿ ಮನೆ ಮುಟ್ಟಿಸುತ್ತಾರೆ. ಬಾರದ ನಾಯಿಯನ್ನು ಹುಡುಕುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಿಟ್ಟ ಮೇಲೆ ಹಿಡಿದ ಕೆಲಸ ಇದು. ಈಗ ಹದಿನಾಲ್ಕನೇ ಚಳಿಗಾಲ. ನಾಲ್ಕೂವರೆಗೆ ಏಳುತ್ತಾರೆ. ದಿನಕ್ಕೆ ಅರವತ್ತು ಮೈಲಿ, ಏಳೆಂಟು ಕಡೆ ನಿಲುಗಡೆ. ಹೋದ ಚಳಿಗಾಲ ನಲವತ್ತೊಂದು ನಾಯಿ ತಪ್ಪಿಸಿಕೊಂಡವು. ಮೂವತ್ತೆಂಟು ಜೀವಸಹಿತ ಮನೆ ಸೇರಿದವು. ಉಳಿದ ಮೂರರ ಬಗ್ಗೆ ಕೇಳಿದರೆ ಅವು ಸಿಕ್ಕಿದ ಜಾಗದ ಹೆಸರಷ್ಟೇ ಹೇಳುತ್ತಾರೆ.

ಬೇಟೆ ಕೂಟದವರ ಗೋಡೆಯ ಮೇಲೆ ಗೆದ್ದ ನಾಯಿಗಳ ಹೆಸರಿದೆ, ಒಡೆಯರ ಹೆಸರಿದೆ. ವರ್ಲೀನ್ ಹೆಸರಿಲ್ಲ. ಅವರು ಬೇಟೆಗಾರರೂ ಅಲ್ಲ.

ನಾಯಿಯ ದನಿ ಗುರುತಿಸುವ ಕಿವಿ ಬಂದದ್ದು ಅಪ್ಪನಿಂದ. ಅದೂ ತಿರುವುಮುರುವಾಗಿ. ಗಣಿಯಲ್ಲಿ ಬಂಡೆ ಕೊರೆಯುವ ಬೈರಿಗೆ ಹಿಡಿದು ಹಿಡಿದು, ಅದರ ಸದ್ದಿಗೆ ಅಪ್ಪ ನಲವತ್ತಕ್ಕೇ ಕಿವುಡಾದರು. ಆದರೂ ನಾಯಿ ಸಾಕುವುದು ಬಿಡಲಿಲ್ಲ. ಒಂಬತ್ತು ವರ್ಷದ ಮಗಳನ್ನು ಪಕ್ಕ ಕೂರಿಸಿಕೊಂಡು ಲಾಟೀನಿನ ಬೆಳಕಿನಲ್ಲಿ ಅವಳ ತುಟಿಯನ್ನೇ ನೋಡುತ್ತಿದ್ದರು.

"ಈಗ ಸ್ಯಾಮ್ ವಾಸನೆ ಹಿಡೀತು ಅಪ್ಪ, ಈಗ ಹೊಳೆ ದಾಟಿತು, ಈಗ ಮರದ ಕೆಳಗೆ ನಿಂತಿತು ಅಂತ ಹೇಳ್ತಾ ಹೋಗ್ತಿದ್ದೆ," ಎನ್ನುತ್ತಾರೆ ವರ್ಲೀನ್. "ಅಟ್ಟಿಸ್ಕೊಂಡು ಹೋಗೋವಾಗ ನಾಯಿ ಉದ್ದಕ್ಕೆ ಎಳೆದು ಕೂಗುತ್ತೆ. ಮರ ಹತ್ತಿಸಿದ ಮೇಲೆ ಚೂರುಚೂರಾಗಿ ಬೊಗಳುತ್ತೆ, ಸೌದೆ ಒಡೆದ ಹಾಗೆ. ಒಂದ್ಸಲ ಮಾತ್ರ ನಿದ್ದೆಗಣ್ಣಲ್ಲಿ, ಮರ ಹತ್ತಿಸಿತು ಅಂತ ಸುಳ್ಳು ಹೇಳಿಬಿಟ್ಟೆ. ಅಪ್ಪ ಬರೀ ಮರದ ಕೆಳಗೆ ಹೋಗಿ ನಿಂತಿದ್ರು, ಒಬ್ರೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಇಂದಿನ ಕೋಟು ಎಸ್ಟಿಲ್ ನೋಬಲ್ ಎಂಬ ಎಪ್ಪತ್ತೊಂಬತ್ತರ ಮುದುಕರದ್ದು. ಗಣಿಯ ಧೂಳು ಕುಡಿದ ಶ್ವಾಸಕೋಶ. ಹೋದ ವಾರವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗುಡ್ಡ ಹತ್ತಲಾಗದು. ತಮ್ಮ ಎಂಟು ವರ್ಷದ ಹೆಣ್ಣು ನಾಯಿ ಟಿಲ್ಲಿ ಅಂಗಳದಲ್ಲಿ ಸರಪಳಿ ಎಳೆದು ಒದ್ದಾಡುವುದನ್ನು ನೋಡಲಾರದೆ, ಶುಕ್ರವಾರ ಪಕ್ಕದ ಮನೆಯ ಡ್ವೈಟ್ ಜೊತೆ ಕಳಿಸಿದರು. ತಮ್ಮ ಕೋಟನ್ನೂ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಡ್ವೈಟ್‌ನ ಎರಡೂ ನಾಯಿ ಡ್ವೈಟ್‌ನ ಕೋಟಿಗೆ ಬಂದವು. ಟಿಲ್ಲಿ ಬರಲಿಲ್ಲ. ನಾಯಿ ಎಲ್ಲಿದೆ ಎಂದು ಉಪಗ್ರಹದ ನೆರವಿನಿಂದ ತಿಳಿಸುವ ಹೊಸ ಕೊರಳಪಟ್ಟಿಯೂ ಅವಳಿಗಿಲ್ಲ. ಇವತ್ತು ಸೋಮವಾರ. ಸಂಜೆಯಿಂದ ಹಿಮ ಸುರಿಯುತ್ತದೆ ಎಂದು ರೇಡಿಯೋ ಹೇಳುತ್ತಿದೆ. ಮೂರು ದಿನ ಉಂಡಿರದ ನಾಯಿ ಆ ಹಿಮದಲ್ಲಿ ಒಂದು ರಾತ್ರಿ ಕಳೆಯುವುದು ಕಷ್ಟ.

ವರ್ಲೀನ್ ಮಂಡಿಯೂರಿ ನೆಲ ನೋಡುತ್ತಾರೆ. ಹೆಪ್ಪುಗಟ್ಟಿದ ಕೆಸರಲ್ಲಿ ಹೆಜ್ಜೆಗಳಿವೆ. ಮುಂಗಾಲಿನ ಒಂದು ಬೆರಳು ವಾರೆ. ಅದು ಟಿಲ್ಲಿಯದೇ. ಹೆಜ್ಜೆಗಳು ಕೋಟಿನ ಸುತ್ತ ಒಂದು ಸುತ್ತು ಹಾಕಿವೆ, ಒಂದು ಮಾರು ದೂರದಲ್ಲಿ ನಿಂತಿವೆ, ಮತ್ತೆ ಕಾಡಿಗೆ ತಿರುಗಿವೆ.

"ಬಂದಿದ್ದಾಳೆ. ಬಂದು ನೋಡಿ, ಇದು ನಮ್ಮನೇದಲ್ಲ ಅಂತ ಹೋಗಿದ್ದಾಳೆ."

ತಮ್ಮ ವಾಸನೆ ಅಂಟೀತೆಂದು ಒಡೆಯರ ಕೋಟನ್ನು ಅವರು ಕೈಯಿಂದ ಮುಟ್ಟುವವರಲ್ಲ. ಇವತ್ತು ಮುಟ್ಟುತ್ತಾರೆ. ಎತ್ತಿ ಕಾಲರಿಗೆ ಮೂಗು ಹಚ್ಚುತ್ತಾರೆ.

"ಅಯ್ಯೋ ದೇವರೇ. ಹೂವಿನ ಸಾಬೂನು!"

ಎಸ್ಟಿಲ್ ಮನೆಯ ಜಗಲಿಯಲ್ಲಿ ಮುದುಕರು ಕಂಬಳಿ ಹೊದ್ದು ಕೂತಿದ್ದಾರೆ. ಮೂಗಿಗೆ ಆಮ್ಲಜನಕದ ಕೊಳವೆ. ಮೂರು ದಿನದಿಂದ ಒಳಗೆ ಬನ್ನಿ ಎಂದರೆ ಬರುತ್ತಿಲ್ಲ, ಒಳಗೆ ಕೂತರೆ ಟಿಲ್ಲಿಯ ದನಿ ಕೇಳಿಸುವುದಿಲ್ಲವಂತೆ. ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಟ್ಟೆಯಲ್ಲೇ ತಣ್ಣಗಾಗಿದೆ. ಸೊಸೆ ಲೊರೆಟಾ ಬಾಗಿಲಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಾಳೆ.

"ಸಿಕ್ಕಿದ್ಲಾ?" ಮುದುಕರ ಪ್ರಶ್ನೆ.

"ಇಲ್ಲ ಅಂಕಲ್ ಎಸ್ಟಿಲ್. ಆದ್ರೆ ಬದುಕಿದ್ದಾಳೆ. ನಿಮ್ಮ ಕೋಟು ಒಗೆದಿದ್ದು ಯಾರು?"

"ನಾನೇ ಆಂಟಿ," ಎಂದಳು ಲೊರೆಟಾ ಹೆಮ್ಮೆಯಿಂದ. "ಎರಡ್ ಸಲ ಒಗ್ದೆ. ಮೊದಲನೇ ಸಲ ನೀರು ಕಾಫಿ ಬಣ್ಣಕ್ಕೆ ತಿರುಗ್ತು. ಆಸ್ಪತ್ರೆಯಿಂದ ಬರೋ ಮನುಷ್ಯರಿಗೆ ಮನೆ ಸ್ವಚ್ಛ ಇರ್ಬೇಕು ಅಂತ ಡಾಕ್ಟ್ರೇ ಹೇಳಿದ್ರು."

ಎಸ್ಟಿಲ್ ಸೊಸೆಯ ಕಡೆ ತಿರುಗಿದರು. "ಹನ್ನೊಂದು ವರ್ಷದ ಕೋಟಮ್ಮಾ ಅದು. ಒಂದ್ಸಲಾನೂ ನೀರು ಕಂಡಿರಲಿಲ್ಲ."

"ಅದಕ್ಕೇ ಒಗ್ದಿದ್ದು ಮಾವ! ಸತ್ತ ಪ್ರಾಣಿ ವಾಸನೆ ಬರ್ತಿತ್ತು."

"ಸತ್ತ ಪ್ರಾಣಿ ಅಲ್ಲ. ನಾನು."

ಲೊರೆಟಾಗೆ ವಿಷಯ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಅವಳ ಕೈ ಸೊಂಟದಿಂದ ಕೆಳಗಿಳಿಯಿತು. "ನಾನು ಏನೋ ಒಳ್ಳೇದಾಗಲಿ ಅಂತ..." ಎಂದವಳು ಅಳತೊಡಗಿದಳು. ಯಾರೂ ಅವಳನ್ನು ದೂರಲೂ ಇಲ್ಲ.

"ಅಳೋಕೆ ಆಮೇಲೆ ಟೈಮಿದೆ," ಎಂದರು ವರ್ಲೀನ್. "ಒಗೆಯದೇ ಇರೋದು ಏನಾದ್ರೂ ಉಳಿದಿದೆಯಾ? ಟೋಪಿ? ದಿಂಬಿನ ಚೀಲ?"

ಎಲ್ಲವೂ ಒಗೆದಾಗಿದೆ. ಟೋಪಿ, ದಿಂಬು, ಪರದೆ, ಬೂಟಿನ ದಾರ ಕೂಡ.

"ನನ್ನನ್ನೇ ಕರ್ಕೊಂಡು ಹೋಗು," ಎಂದರು ಎಸ್ಟಿಲ್. "ಆ ಮರದ ಕೆಳಗೆ ಕೂರಿಸು."

"ನಿಮ್ಮನ್ನ ಕೂರಿಸಿದ್ರೆ ಟಿಲ್ಲಿ ಬರೋ ಹೊತ್ತಿಗೆ ನೀವು ಕಟ್ಟಿಗೆ ಆಗಿರ್ತೀರಿ. ಆಮೇಲೆ ಇಬ್ಬರನ್ನೂ ನಾನೇ ಹೊರಬೇಕು."

ಮುದುಕರು ಯೋಚಿಸಿದರು. ಕಂಬಳಿಯ ಅಂಚು ಎತ್ತಿ ಒಳಗೆ ನೋಡಿಕೊಂಡರು. ಮುಖದಲ್ಲಿ ಕಳ್ಳನಗೆ ಬಂತು. "ಲೊರೆಟಾ, ಆಸ್ಪತ್ರೆಯಿಂದ ಬಂದಾಗಿಂದ ಒಳಂಗಿ ಬಿಚ್ಚಿಲ್ಲ ಅಂತ ನನಗೆ ದಿನಾ ಬೈತಿದ್ಯಲ್ಲಾ?"

"ಆರು ದಿನ ಆಯ್ತು! ಕತ್ತರಿ ತಗೊಂಡು ಬರ್ತೀನಿ ಅಂದಿದ್ದೆ ನಿನ್ನೆ."

"ಈಗ ತಗೊಂಡು ಬಾ ನೋಡೋಣ, ಕತ್ತರಿ."

ಲೊರೆಟಾ ಅಳುತ್ತಿದ್ದವಳು ನಕ್ಕಳು. ಉಣ್ಣೆಯ ಒಳಂಗಿ ಕಂಬಳಿಯ ಮರೆಯಲ್ಲೇ ಬಿಚ್ಚಿ ಹೊರಬಂತು, ಇನ್ನೂ ಬೆಚ್ಚಗಿತ್ತು. ವರ್ಲೀನ್ ಅದನ್ನು ಮುಟ್ಟದೆ ಬಿಸ್ಕತ್ತಿನ ಖಾಲಿ ಡಬ್ಬಿ ಹಿಡಿದರು. ಎಸ್ಟಿಲ್ ತಾವೇ ಒಳಗೆ ಹಾಕಿ ಮುಚ್ಚಳ ಒತ್ತಿದರು, ವಾಸನೆ ಆರಬಾರದಲ್ಲ.

ಹನ್ನೊಂದು ಗಂಟೆಗೆ ಓಕ್ ಮರದ ಬುಡದಲ್ಲಿ ಕೋಟು ಹೋಗಿ ಒಳಂಗಿ ಬಂದಿದೆ. ವರ್ಲೀನ್ ಐವತ್ತು ಗಜ ಆಚೆ, ತಮ್ಮ ವಾಸನೆ ಮರದ ಕಡೆ ಹೋಗದಂತೆ ಗಾಳಿಯ ಕೆಳಮಗ್ಗುಲಲ್ಲಿ ಗಾಡಿ ನಿಲ್ಲಿಸಿ ಕೂತಿದ್ದಾರೆ. ಕೂಗುವುದಿಲ್ಲ, ಸಿಳ್ಳೆ ಹಾಕುವುದಿಲ್ಲ. ಹೆದರಿದ ನಾಯಿ ಕೂಗಿದವರ ಹತ್ತಿರ ಬರುವುದಿಲ್ಲ ಎಂಬುದನ್ನು ಮೊದಲ ಚಳಿಗಾಲದಲ್ಲೇ ಕಲಿತಿದ್ದಾರೆ. ಹನ್ನೆರಡಾಗುತ್ತದೆ. ಫ್ಲಾಸ್ಕಿನ ಕಾಫಿ ಮುಗಿಯುತ್ತದೆ. ಒಂದಾಗುತ್ತದೆ. ಆಕಾಶ ಸೀಸದ ಬಣ್ಣಕ್ಕೆ ತಿರುಗುತ್ತಿದೆ. ಡ್ವೈಟ್ ಎರಡು ಸಲ ಫೋನ್ ಮಾಡಿ "ನಾನು ಬರ್ಲಾ ಆಂಟಿ?" ಎಂದು ಕೇಳಿದ್ದಾನೆ. "ಬಂದು ಏನು ಮಾಡ್ತೀಯಾ, ಗಾಳಿ ಕೆಡಿಸ್ತೀಯಾ," ಎಂದು ಇಟ್ಟಿದ್ದಾರೆ. ನಿಮ್ಮದೇ ಒಂದು ನಾಯಿ ಯಾಕಿಲ್ಲ ಎಂಬ ನಮ್ಮ ಪ್ರಶ್ನೆಗೆ ಇಂಥ ಹೊತ್ತಲ್ಲೇ, ಪಿಸುಮಾತಿನಲ್ಲಿ ಉತ್ತರ ಬರುತ್ತದೆ: "ಇದ್ದಿದ್ರೆ ಅದನ್ನೊಂದೇ ಕೇಳಿಸ್ಕೊಳ್ತಾ ಇರ್ತಿದ್ದೆ."

ಎರಡು ಗಂಟೆಯ ಸುಮಾರಿಗೆ ಮೊದಲ ಹಿಮದ ಎಸಳು ಗಾಜಿಗೆ ಬೀಳುತ್ತದೆ. ವರ್ಲೀನ್ ಅದನ್ನು ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಮತ್ತೆ ಮರದ ಬುಡ ನೋಡುತ್ತಾರೆ. ಪೊದೆ ಅಲ್ಲಾಡುತ್ತದೆ.

ಮೈತುಂಬ ನೀಲಿಗಪ್ಪು ಚುಕ್ಕೆಯ ನಾಯಿ ಕುಂಟುತ್ತಾ ಬರುತ್ತದೆ, ಟಿಲ್ಲಿಯೇ. ಕಿವಿಯೊಂದು ಹರಿದಿದೆ. ಮಾರು ದೂರದಲ್ಲಿ ನಿಲ್ಲುತ್ತದೆ, ಬೆಳಿಗ್ಗೆಯ ಹೆಜ್ಜೆ ನಿಂತಿದ್ದಲ್ಲೇ. ಮೂಗು ಎತ್ತುತ್ತದೆ. ಆಮೇಲೆ ಸುತ್ತು ಹಾಕುವುದಿಲ್ಲ. ನೇರ ನಡೆದು ಬಂದು, ಒಳಂಗಿಯ ತೋಳಿನೊಳಗೆ ಮೂತಿ ತೂರಿಸಿ, ಸದ್ದಿಲ್ಲದೆ ಕುಸಿದು ಮಲಗುತ್ತದೆ.

ವರ್ಲೀನ್ ತಕ್ಷಣ ಇಳಿಯುವುದಿಲ್ಲ. ಕಾಲು ಗಂಟೆ ಬಿಡುತ್ತಾರೆ. "ಅವಳು ಮನೆಗೆ ಬಂದಾಗಿದೆ. ಅವಸರ ನಮಗೆ, ಅವಳಿಗಲ್ಲ."

ಎಸ್ಟಿಲ್ ಮನೆಯ ಮುಂದೆ ಪಿಕಪ್ಪಿನ ಹಿಂಬಾಗಿಲು ತೆಗೆಯುವಷ್ಟರಲ್ಲಿ ಟಿಲ್ಲಿ ಕುಂಟುಗಾಲಲ್ಲೇ ಹಾರಿ ಜಗಲಿ ಹತ್ತಿದ್ದಾಳೆ. ಮುದುಕರು ಕಂಬಳಿ ಅಗಲಿಸುತ್ತಾರೆ, ನಾಯಿ ಒಳಗೆ ಸೇರುತ್ತದೆ, ಕಂಬಳಿ ಮುಚ್ಚುತ್ತದೆ. ಲೊರೆಟಾ ಸಾರು ಬಿಸಿಮಾಡಲು ಒಳಗೆ ಓಡುತ್ತಾಳೆ, ಈ ಸಲ ಎರಡು ತಟ್ಟೆಗೆ.

ಒಡೆಯರು ಮರೆತರೆ ಹೋಗಲಿ, ಮೂರು ಗಂಟೆ ಚಳಿಯಲ್ಲಿ ಕಾದವರನ್ನು ನಾಯಿಯಾದರೂ ತಿರುಗಿ ನೋಡಬಾರದೇ ಎಂದು ಕೇಳುತ್ತೇವೆ.

"ನೋಡಬಾರದು," ಎನ್ನುತ್ತಾರೆ ವರ್ಲೀನ್, ಗಾಜಿನ ಮೇಲಿನ ಹಿಮ ಒರೆಸುತ್ತಾ. "ಹದಿನಾಲ್ಕು ವರ್ಷದಲ್ಲಿ ಒಂದು ನಾಯೀನೂ ನನ್ನ ಗುರುತು ಇಟ್ಕೊಂಡಿಲ್ಲ. ಯಾವತ್ತಾದ್ರೂ ಒಂದು ನಾಯಿ ನನ್ನ ವಾಸನೆ ಹಿಡಿದು ನನ್ನ ಹತ್ರ ಬಂತು ಅಂದ್ರೆ, ಆವತ್ತು ನನ್ನ ಕೆಲಸ ಕೆಟ್ಟಿದೆ ಅಂತ."