ಮಾವನವರ ಎದುರಿಗೆ ದ್ರಾಕ್ಷಾರಸ

ನನ್ನ ಮಾವನವರು ಬೀಡಿ ಸೇದುತ್ತಾರೆಂಬುದು, ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ನನಗೆ ಅಧಿಕೃತವಾಗಿ ಗೊತ್ತಿರಲಿಲ್ಲ. ಅವರು ಕೃಷ್ಣರಾಜಪೇಟೆ ಕಡೆಯ ತಮ್ಮ ಹಳ್ಳಿಯಿಂದ ನಮ್ಮ ಮನೆಗೆ ಬಂದಾಗಲೆಲ್ಲ ಹಿತ್ತಿಲ ಬೇಲಿಯ ಆಚೆ ತೆಳ್ಳಗೆ ಹೊಗೆ ಏಳುತ್ತಿತ್ತು. ನಾನು ಆ ಕಡೆ ಹೋಗಬೇಕಾಗಿ ಬಂದರೆ ಮೊದಲು ಗಟ್ಟಿಯಾಗಿ ಕೆಮ್ಮುತ್ತಿದ್ದೆ. ಹೊಗೆ ನಿಲ್ಲುತ್ತಿತ್ತು. ಹೋಗಿ ನೋಡಿದರೆ ಮಾವನವರು ನುಗ್ಗೆಮರವನ್ನು ಪರೀಕ್ಷಿಸುತ್ತ ನಿಂತಿರುತ್ತಿದ್ದರು. ನಾನೂ ಮರವನ್ನು ನೋಡುತ್ತಿದ್ದೆ. ಆ ಮರದಲ್ಲಿ ಕಾಯಿ ಇರಲಿ ಬಿಡಲಿ, ಅದರ ವಿಷಯ ನಾಲ್ಕು ಮಾತಾಡಿ ಒಳಗೆ ಬರುತ್ತಿದ್ದೆವು. ನಾನು ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಳ್ಳುತ್ತೇನೆ ಎಂಬುದು ಅವರಿಗೂ ಹೀಗೆಯೇ ಗೊತ್ತಿರಲಿಲ್ಲ.

ಇದನ್ನು ಕಪಟ ಎನ್ನುವವರು ಇರಬಹುದು. ನಮ್ಮ ಕಡೆ ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಹಿರಿಯರ ಎದುರು ಕಿರಿಯರು ಮಾಡಬಾರದು, ಕಿರಿಯರ ಎದುರು ಹಿರಿಯರೂ ಮಾಡಬಾರದು. ಮಾಡಿದರೂ ಕಾಣಬಾರದು, ಕಂಡರೂ ನೋಡಬಾರದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ ವಿದ್ಯೆ, ಅಭ್ಯಾಸದಿಂದಲೇ ಬರಬೇಕು. ಹೊಲದ ಬದುವಿನ ಮೇಲೆ ಎದುರಾಗುವ ಭಾವಮೈದುನರು ಒಬ್ಬರ ಮುಷ್ಟಿಯೊಳಗಿನ ಬೀಡಿಯ ಕೆಂಡವನ್ನು ಇನ್ನೊಬ್ಬರು ಕಾಣದೆ ಮಳೆಬೆಳೆ ಮಾತಾಡಿ ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೈ ಸುಟ್ಟುಕೊಂಡವರೂ ಇದ್ದಾರೆ, ಮರ್ಯಾದೆ ಸುಟ್ಟುಕೊಂಡವರು ಕಡಿಮೆ.

ಈ ಏರ್ಪಾಡು ಒಂದೇ ಒಂದು ಸಲ ನಮ್ಮೆಲ್ಲರಿಗೂ ಕೈಕೊಟ್ಟಿತು. ಅದು ಎಪ್ಪತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ. ಅಂದು ಕಂಡದ್ದರಿಂದ ನನ್ನ ಎದೆ ನಡುಗಿದ್ದು ನಿಜವಾದ್ದರಿಂದ, ಕಂಡಷ್ಟನ್ನೇ ಕ್ರಮವಾಗಿ ಹೇಳುತ್ತೇನೆ.

ಪಾಲಹಳ್ಳಿಯ ಪುಟ್ಟಸ್ವಾಮಿ ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಗುಮಾಸ್ತನಾದೆ, ಅವನು ಮನೆಯ ಬೇಸಾಯಕ್ಕೆ ನಿಂತ. ಸುತ್ತಲೂ ನಾಲೆ ಹರಿಯುವ ಕಡೆಯೆಲ್ಲ ಕಬ್ಬು, ಭತ್ತ. ನಾಲೆಯ ನೀರು ಹತ್ತದ ಎತ್ತರದ ಒಂದು ತುಂಡು ಹೊಲದಲ್ಲಿ ಮಾತ್ರ ಪುಟ್ಟಸ್ವಾಮಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಕರಿದ್ರಾಕ್ಷಿಯ ಬಳ್ಳಿ ಹಬ್ಬಿಸಿದ್ದ. ಮಗುವಿನ ತಲೆ ನೇವರಿಸುವ ಹಾಗೆ ಅದರ ಕುಡಿ ನೇವರಿಸುತ್ತಿದ್ದ. ಮೊದಲ ಒಳ್ಳೆಯ ಫಸಲು ಬಂದ ವರ್ಷ ಕುಯ್ಲಿನ ಹೊತ್ತಿಗೆ ಅಕಾಲ ಮಳೆ ಹೊಡೆಯಿತು. ಹಣ್ಣು ಬಿರಿಯಿತು. ಬಿರಿದ ಹಣ್ಣನ್ನು ಯಾವ ವ್ಯಾಪಾರಿಯೂ ಮುಟ್ಟಲಿಲ್ಲ. ಆಗ ಅವನು ಮೈಸೂರಿನ ಒಬ್ಬ ಕ್ರಿಶ್ಚಿಯನ್ ಮೇಷ್ಟ್ರ ಬಳಿಗೆ ಹೋಗಿ, ಅವರು ಹಬ್ಬಕ್ಕೆ ಮನೆಯಲ್ಲಿ ಮಾಡುವ ವೈನಿನ ವಿಧಾನ ಕಲಿತು ಬಂದು, ದೊಡ್ಡ ಎರಡು ಉಪ್ಪಿನಕಾಯಿ ಜಾಡಿಗಳಲ್ಲಿ ರಸ ಹಾಕಿಟ್ಟ.

"ಇದಕ್ಕೆ ಲೈಸೆನ್ಸು ಬೇಡವೇನೋ?" ಎಂದು ನಾನು ಸರ್ಕಾರಿ ನೌಕರನಿಗೆ ಸಹಜವಾದ ಭಯದಿಂದ ಕೇಳಿದೆ.

"ಮೊದ್ಲು ನಮ್ಮಪ್ಪನ ಲೈಸೆನ್ಸು ಸಿಕ್ಲಿ ಕಣ್ಲಾ. ಸರ್ಕಾರದ್ದು ಅಷ್ಟು ಕಷ್ಟ ಇಲ್ಲ" ಎಂದ.

ಅವನ ಅಪ್ಪ ಮರೀಗೌಡರ ವಿಷಯ ಹೇಳದಿದ್ದರೆ ಈ ಮಾತಿನ ತೂಕ ತಿಳಿಯುವುದಿಲ್ಲ. ಗೌಡರ ಅಣ್ಣ ಒಂದು ಸಂಜೆ ಕುಡಿದು ನಾಲೆಯ ಏರಿಯ ಮೇಲೆ ಬರುತ್ತ ಕಾಲು ಜಾರಿ ನೀರಿಗೆ ಬಿದ್ದು ಹೋಗಿಬಿಟ್ಟಿದ್ದರು. ಅಂದಿನಿಂದ ಗೌಡರು ಹೆಂಡ ಮುಟ್ಟುವುದಿಲ್ಲವೆಂದು ಆಣೆ ಇಟ್ಟಿದ್ದರು. ಆ ಮನೆಯಲ್ಲಿ ಅದರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಅಂಥ ಮನೆಯ ಕೋಣೆಯಲ್ಲೇ ಮಗ ಜಾಡಿ ಇಟ್ಟಿದ್ದ. ಪಂಪುಸೆಟ್ಟು ಬಂದು ಆ ಎತ್ತರದ ಹೊಲಕ್ಕೂ ನೀರು ಹತ್ತಿದ ಮೇಲೆ ಗೌಡರ ಕಣ್ಣು ಅದರ ಮೇಲೆ ಬಿದ್ದಿತ್ತು. ಅವರು ಜಗಳವಾಡಲಿಲ್ಲ. ಒಂದು ಷರತ್ತು ಹಾಕಿದರು.

"ಮರ್ಯಾದಸ್ತರು ನಾಕು ಜನ ಬರ್ಲಿ. ಕುಡ್ದು, ನನ್ ಮುಂದೆ ನಿಂತ್ಕಂಡು, ಕುಡ್ದೆ, ಚೆನ್ನಾಗದೆ ಅಂತ ಬಾಯ್ಬುಟ್ಟು ಯೋಳ್ಲಿ. ಬಳ್ಳಿ ಇರ್ಲಿ. ಇಲ್ದಿದ್ರೆ ಕಿತ್ತಾಕಿ ಕಬ್ಬು ನೆಡ್ತೀನಿ."

ಕೇಳಲು ಎಷ್ಟು ಧಾರಾಳ! ನಮ್ಮ ಕಡೆಯ ಮರ್ಯಾದಸ್ತರು ಕುಡಿಯಬಹುದು, ಆದರೆ ಕುಡಿದೆ ಎಂದು ಇನ್ನೊಬ್ಬರ ಎದುರು ನಿಂತು ಹೇಳಲಾರರು. ಹೇಳಿದರೆ ಮರ್ಯಾದಸ್ತರಲ್ಲ. ಗೌಡರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಆದರೂ ಇಂಥ ಷರತ್ತನ್ನು ಬರೆಯಲು ದೊಡ್ಡ ವಕೀಲರಿಗೂ ಎರಡು ದಿನ ಬೇಕಾದೀತು. ಹೊಲದ ಅಂಚಿನಲ್ಲಿ ಬಿತ್ತನೆ ಕಬ್ಬಿನ ತುಂಡುಗಳು ಆಗಲೇ ಬಂದು ಬಿದ್ದಿದ್ದವು.

ಪುಟ್ಟಸ್ವಾಮಿ ನನ್ನನ್ನೂ ನನ್ನ ಹೆಂಡತಿ ಜಯಮ್ಮನನ್ನೂ ಕರೆಯಲು ಬಂದ ದಿನ ಮಾವನವರು ನಮ್ಮ ಮನೆಯಲ್ಲಿದ್ದರು. ಅವನು ಅವರನ್ನೂ ಕರೆದುಬಿಟ್ಟ. ನಾಲ್ಕನೆಯವರು ಅವನಿಗೆ ಇನ್ನೂ ಸಿಕ್ಕಿರಲಿಲ್ಲ. ಹೀಗೆ ನಾವು ಮೂವರು ಕೋಡುಬಳೆಯ ಡಬ್ಬಿ ಹಿಡಿದು ಪಾಲಹಳ್ಳಿಯ ಬಸ್ಸು ಹತ್ತಿದೆವು. ಎಲ್ಲಿಗೆ, ಏಕೆ ಎಂಬುದು ಮೂವರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ದ್ರಾಕ್ಷಿಹಣ್ಣಿನಿಂದ ರಕ್ತ ಶುದ್ಧವಾಗುವ ವಿಷಯ ಮಾತಾಡಿದೆವು. ದ್ರಾಕ್ಷಾಸವವನ್ನು ನಮ್ಮ ಪಂಡಿತರು ಎಷ್ಟು ಕಾಲದಿಂದ ಬಾಣಂತಿಯರಿಗೆ ಕೊಡುತ್ತಿದ್ದಾರೆಂದು ನಾನು ವಿವರಿಸಿದೆ. ಮಾವನವರು ಬಾಣಂತಿಯೇನೂ ಅಲ್ಲ, ಆದರೂ ಶ್ರದ್ಧೆಯಿಂದ ಕೇಳಿದರು.

ಹೊಲದಲ್ಲಿ ಪುಟ್ಟಸ್ವಾಮಿ ಮೇಷ್ಟ್ರಿಂದ ಕಲಿತ ಕ್ರಮವನ್ನು ಹೇಳಿಕೊಟ್ಟ. ಬಣ್ಣ ನೋಡಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ಆಮೇಲೆ ಉಗುಳಬೇಕು.

"ಉಗಿಯೋಕೆ ಇಷ್ಟು ಕಷ್ಟ ಬಿದ್ದು ಮಾಡ್ದಾ? ಅದ್ಕೆ ಎಲೆಅಡ್ಕೆ ಸಾಲ್ದಾಗಿತ್ತಾ?" ಎಂದರು ಮಾವನವರು.

ಅಲ್ಲಿಗೆ ತೊಡಕು ಶುರುವಾಯಿತು. ಲೋಟಕ್ಕೆ ವೈನು ಬಗ್ಗಿಸಿದ್ದಾಯಿತು. ನಾನು ಮಾವನವರ ಎದುರು ಎತ್ತಲಾರೆ, ಅವರು ನನ್ನ ಎದುರು ಎತ್ತಲಾರರು, ಜಯಮ್ಮ ಇಬ್ಬರ ಎದುರೂ ಎತ್ತಲಾರಳು. ಮೂರು ಲೋಟ ಕಲ್ಲಿನ ಮೇಲೆ ಕೂತಿದ್ದವು. ಒಂದು ಕಣಜದ ಹುಳು ಬಂದು ಯಾವ ಸಂಕೋಚವೂ ಇಲ್ಲದೆ ಅಂಚಿನ ಮೇಲೆ ಕೂತು ರುಚಿ ನೋಡಿತು. ಪುಟ್ಟಸ್ವಾಮಿ ನಮ್ಮ ಮುಖ ನೋಡಿ ಅರ್ಥ ಮಾಡಿಕೊಂಡ. ಬಳ್ಳಿ ಚಪ್ಪರದ ಒಂದೊಂದು ಸಾಲಿಗೆ ಒಬ್ಬೊಬ್ಬರನ್ನು ಕಳಿಸಿ, "ಬಳ್ಳಿ ನೋಡ್ಕಂಡ್ ಬನ್ನಿ" ಎಂದ. ಎಲೆ ದಟ್ಟವಾಗಿ ಇಳಿಬಿದ್ದು ಸಾಲಿನಿಂದ ಸಾಲಿಗೆ ಗೋಡೆ ಕಟ್ಟಿದ ಹಾಗಿತ್ತು. ಲೋಟಗಳು ಅವನ ಕೈಯಲ್ಲಿ ನಮ್ಮ ಹಿಂದೆಯೇ ಬಂದವು.

ನಾನು ಕುಡಿದೆ. ಮೊದಲು ಹುಳಿ. ಆಮೇಲೆ ಅರೆಹಣ್ಣಾದ ನೇರಳೆ ತಿಂದಂತೆ ನಾಲಗೆ ಒಗರಿಗೆ ಹಿಡಿದುಕೊಂಡಿತು. ಚೆನ್ನಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಗಂಟಲಿನ ಕೆಳಗೆ ಹದವಾದ ಬಿಸಿ ಇಳಿದು, ಬಾಯಿಗೆ ಹಣ್ಣಿನ ವಾಸನೆ ಹಿಂತಿರುಗಿತು. ಎರಡನೆಯ ಗುಟುಕಿಗೆ ನನ್ನ ಅಭಿಪ್ರಾಯ ಬದಲಾಗಿತ್ತು. ಉಗುಳುವ ಪಾಠ ಮರೆತೆ. ಪಕ್ಕದ ಸಾಲಿನಲ್ಲಿ ಮಾವನವರು ಕೆಮ್ಮಿದರು. ಬರುತ್ತೇನೆ ಎಂಬ ಕೆಮ್ಮಲ್ಲ ಅದು, ಇನ್ನೂ ಸ್ವಲ್ಪ ಹೊತ್ತು ಬರಬೇಡಿ ಎಂಬ ಕೆಮ್ಮು. ಅದರಾಚೆಯ ಸಾಲಿನಲ್ಲಿ ಬಳೆಯ ಸದ್ದಾಯಿತು, ಲೋಟದ ಮೇಲೆ ಬಳೆ ತಾಗಿದ ಸದ್ದು. ನಾನು ಒಂದು ಎಲೆಯನ್ನು ಬಹಳ ಹೊತ್ತು ನೋಡಿದೆ.

ಹೊರಗೆ ಬಂದಾಗ ಮೂರು ಲೋಟವೂ ಖಾಲಿ.

"ಎಂಗಿತ್ತು?" ಎಂದು ಪುಟ್ಟಸ್ವಾಮಿ ಆಸೆಯಿಂದ ಕೇಳಿದ.

"ಬಳ್ಳಿ ಚೆನ್ನಾಗವೆ" ಎಂದರು ಮಾವನವರು.

"ವಾಸನೆ ಪರವಾಗಿಲ್ಲ" ಎಂದೆ ನಾನು.

"ನೆಳ್ಳು ತಂಪಾಗದೆ" ಎಂದಳು ಜಯಮ್ಮ.

ಪುಟ್ಟಸ್ವಾಮಿಯ ಮುಖ ಸಣ್ಣದಾಯಿತು. ಅವನು ನಮ್ಮನ್ನು ಮನೆಗೆ ಕರೆದುಕೊಂಡು ಹೋದ.

ನಮಗೆ ಕೊಟ್ಟದ್ದು ಮೊದಲ ಜಾಡಿಯ ವೈನು. ಎರಡನೆಯದು ಇನ್ನೂ ಒಳ್ಳೆಯದೆಂದು ಅವನು ಅದನ್ನು ತೆರೆಯದೆ ಒಳಕೋಣೆಯಲ್ಲಿ ಇಟ್ಟಿದ್ದ. ಅಪ್ಪನ ಎದುರು ಅದನ್ನೇ ತೆರೆಯಬೇಕು ಎಂಬುದು ಅವನ ಲೆಕ್ಕ. ಮರೀಗೌಡರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಾವು ಚಾಪೆಯ ಮೇಲೆ ಕೂತೆವು. ಪುಟ್ಟಸ್ವಾಮಿಯ ಅವ್ವ ನಿಂಗಮ್ಮ ಮಜ್ಜಿಗೆ ಕೊಟ್ಟರು. "ಅವ್ವಾ, ಆ ಜಾಡಿ ಈಚೆಗೆ ತಕ್ಕಂಡ್ ಬತ್ತೀನಿ, ಜಾಗ ಮಾಡು" ಎಂದು ಮಗ ಅಂದ. "ನೀನ್ ಕೂತ್ಕೊ ಮಗ, ನಾನೇ ನೋಡ್ತೀನಿ" ಎಂದು ಆಕೆ ಅವಸರವಾಗಿ ಒಳಗೆ ಹೋದರು. ಆ ಅವಸರ ನನಗೆ ಆಗಲೇ ಸ್ವಲ್ಪ ವಿಚಿತ್ರವಾಗಿ ಕಂಡಿತು.

ಆಮೇಲೆ ಸದ್ದಾಯಿತು. ಬಂಡೆಗೆ ಮದ್ದು ಹಾಕಿ ಸಿಡಿಸುವ ಸದ್ದನ್ನು ನಾನು ಕೇಳಿದ್ದೇನೆ. ಇದು ಅದರ ಸಣ್ಣ ಮಗ. ಮಾಡಿನಿಂದ ಹೆಂಚಿನ ಚೂರು ಉದುರಿದವು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ನಾವು ಏಳುವುದರೊಳಗೆ ನಿಂಗಮ್ಮ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ನಿಂತರು. ತಲೆಯಿಂದ ಕೆನ್ನೆಯ ಮೇಲೆ, ಕೆನ್ನೆಯಿಂದ ಸೀರೆಯ ಮೇಲೆ ಕಡುಗೆಂಪು ಇಳಿಯುತ್ತಿತ್ತು. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ನಾನು ಎದ್ದೆನೆಂದು ಆಮೇಲೆ ಹೇಳಿಕೊಂಡೆನಾದರೂ, ಎದ್ದಿರಲಿಲ್ಲ.

ಎದ್ದವರು ಮರೀಗೌಡರು. "ನಿಂಗೀ!" ಎಂದು ಕೂಗಿದರು. ನೆಂಟರ ಎದುರು ಗಂಡ ಹೆಂಡತಿಯ ಹೆಸರು ಹಿಡಿಯುವುದನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ, ಯಾವ ಮನೆಯಲ್ಲೂ ಕೇಳಿರಲಿಲ್ಲ. ಹೆಗಲ ಟವಲು ಎಳೆದು ಆಕೆಯ ತಲೆ ಒರೆಸಿದರು, ಗಾಯ ಹುಡುಕಿದರು. ಗಾಯ ಸಿಗಲಿಲ್ಲ.

"ರಕ್ತ ಅಲ್ಲ ಕಣಿ, ದ್ರಾಕ್ಷಿ" ಎಂದರು ನಿಂಗಮ್ಮ ಕೊನೆಗೂ. "ನಂಗೇನೂ ಆಗಿಲ್ಲ. ಜಾಡಿ ಓಯ್ತು."

ಗೌಡರು ಹಾಗೆಯೇ ಹೊಸ್ತಿಲ ಮೇಲೆ ಕುಸಿದು ಕೂತರು. ಪುಟ್ಟಸ್ವಾಮಿ ಒಳಗೆ ಹೋಗಿ ನೋಡಿ ಬಂದ. ಜಾಡಿ ಎರಡು ಹೋಳಾಗಿತ್ತು.

"ಅವ್ವಾ, ಅದಕ್ಕೇನ್ ಮಾಡ್ದೆ?"

"ವೋದ್ ವಾರ ಒಂಚೂರು ಬೆಲ್ಲ ಆಕ್ದೆ ಕಣ್ಲಾ."

"ಎಷ್ಟು?"

"ಒಂದಚ್ಚು." ಸೆರಗು ಹಿಂಡುತ್ತ, "ಕರಗ್ತಲ್ಲ ಅಂತ ಇನ್ನೂ ಎಲ್ಡಚ್ಚು" ಎಂದರು. "ಉಳಿ ಇದ್ರೆ ಎಂಡ, ಸೀ ಆದ್ರೆ ಪಾನಕ ಅಲ್ವಾ? ಪಾನಕ ಆದ್ರೆ ನಿಮ್ಮಪ್ಪನ ಆಣೆಗೂ ಬಂಗ ಇಲ್ಲ, ನಿನ್ ಬಳ್ಳೀನೂ ಉಳೀತದೆ ಅಂದ್ಕಂಡೆ. ನೊಣ ಬಂದ್ವು ಅಂತ ಬಾಯಿ ಬಿಗಿಯಾಗಿ ಕಟ್ಟಿ ಮಣ್ ಮೆತ್ತಿದ್ದೆ. ಈಗ ಓಗಿ ಬಿಚ್ಚಕ್ಕೆ ಕೈ ಇಟ್ಟೆ, ಅಷ್ಟೇಯ."

ಊರಿನಲ್ಲಿ ಬೆಲ್ಲ ಸರಿಮಾಡದ ಪದಾರ್ಥವನ್ನು ಆಕೆ ಕಂಡವರಲ್ಲ. ಹುಳಿ ಹಿಡಿದ ರಸಕ್ಕೆ ಬೆಲ್ಲ ಬಿದ್ದರೆ ಅದು ಇನ್ನೂ ಹುರುಪಿನಿಂದ ಉಕ್ಕುತ್ತದೆ, ಉಕ್ಕಲು ದಾರಿ ಕೊಡದಿದ್ದರೆ ಮಾಡಿಕೊಳ್ಳುತ್ತದೆ ಎಂದು ಹೇಳಲು ನನ್ನ ನಾಲಗೆ ತುರಿಸಿತು. ಆಕೆಯ ಸೀರೆ ನೋಡಿ ಸುಮ್ಮನಾದೆ.

ಗೌಡರು ಟವಲು ಹಿಂಡಿದರು. ಕೆಂಪು ಅಂಗಳಕ್ಕೆ ಬಿತ್ತು. "ನೋಡುದ್ಯಲ್ಲಾ, ಮುಗೀತು. ನಾಳೆ ಬಳ್ಳಿ ಕೀಳ್ಸು" ಎಂದರು ಮಗನಿಗೆ. ಪುಟ್ಟಸ್ವಾಮಿ ತಲೆ ತಗ್ಗಿಸಿ ನಿಂತ.

"ತಪ್ಪು ನಂದು, ಬಳ್ಳೀದಲ್ಲ" ಎಂದರು ನಿಂಗಮ್ಮ.

ಗೌಡರು ಆಕೆಯನ್ನು ನೋಡಿದರು, ಆಮೇಲೆ ನಮ್ಮ ಕಡೆ ತಿರುಗಿದರು. "ಮೊದಲ್ನೇ ಜಾಡೀದು ಯಾರಾರಾ ಕುಡುದ್ರಾ? ನನ್ ಮುಂದೆ ಯೋಳಿ."

ಮಾವನವರು ನನ್ನ ಪಕ್ಕದಲ್ಲೇ ಕೂತಿದ್ದರು, ಮೊಣಕೈ ತಾಗುವಷ್ಟು ಹತ್ತಿರ. ನನ್ನ ಎದುರು ಪುಟ್ಟಸ್ವಾಮಿಯ ತಗ್ಗಿದ ತಲೆ ಇತ್ತು. ಒಂದು ಕಡೆ ನನ್ನ ಮರ್ಯಾದೆ, ಇನ್ನೊಂದು ಕಡೆ ಅವನ ಬಳ್ಳಿ. ಮರ್ಯಾದೆಯೇ ಗೆಲ್ಲುತ್ತಿತ್ತೋ ಏನೋ, ಆದರೆ ಆ ಹೊತ್ತಿಗೆ ನನಗೆ ಸುಳ್ಳು ಜೋಡಿಸುವಷ್ಟು ಶಕ್ತಿ ಉಳಿದಿರಲಿಲ್ಲ.

"ನಾನು ಕುಡಿದೆ ಗೌಡ್ರೇ. ಪೂರ್ತಿ ಕುಡಿದೆ. ಚೆನ್ನಾಗಿತ್ತು" ಎಂದೆ.

ಮಾವನವರು ನನ್ನನ್ನು ನೋಡಲಿಲ್ಲ. ಅಂಗಳದಾಚೆಯ ತೆಂಗಿನಮರವನ್ನು ನೋಡುತ್ತ, "ಅಳೀಮಯ್ಯ ಸುಳ್ಳೇಳೋರಲ್ಲ" ಎಂದರು. ಆಮೇಲೆ, "ನಾನೂ ಕುಡ್ದೆ. ಇನ್ನೊಂಚೂರು ಇದ್ದಿದ್ರೆ ಅದ್ನೂ ಕುಡೀತಿದ್ದೆ" ಎಂದರು.

"ಅಪ್ಪಯ್ಯಾ!" ಎಂದಳು ಜಯಮ್ಮ.

"ನಿನ್ ಬಳೆ ಸದ್ದು ನಂಗೂ ಕೇಳ್ತು ಕಣವ್ವ, ಸುಮ್ಕಿರು."

ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನ ಒಳಗಿನಿಂದ, "ಸ್ವಲ್ಪ ಒಗರು. ಆದ್ರೆ ಚೆನ್ನಾಗಿತ್ತು" ಎಂಬ ಮಾತು ಬಂತು.

"ಮೂರಾಯ್ತು" ಎಂದರು ಗೌಡರು.

ನಿಂಗಮ್ಮ ತುಟಿಯ ಮೇಲಿದ್ದುದನ್ನು ಒರೆಸಿಕೊಳ್ಳುತ್ತ, "ನನ್ ಬಾಯ್ಗೂ ಒಂದೀಟು ಓಗದೆ" ಎಂದರು. "ಬೆಲ್ಲ ಜಾಸ್ತಿ ಆಯ್ತು. ಅದಿಲ್ದಿದ್ರೆ ಚಂದಾಗಿರದು."

ಮರೀಗೌಡರು ಒದ್ದೆ ಟವಲನ್ನು ಹೆಗಲಿಗೆ ಹಾಕಿಕೊಳ್ಳಲು ಹೋಗಿ, ಬಣ್ಣ ನೋಡಿ, ಹೆಂಡತಿಯ ಕೈಗೆ ಕೊಟ್ಟರು. ಅವರು ಆಣೆ ಮುರಿಯಲಿಲ್ಲ, ನಾವು ಯಾರೂ ಮುರಿಯಿರಿ ಎನ್ನಲೂ ಇಲ್ಲ. ಕೊನೆಗೆ ಮಗನಿಗೆ ಹೇಳಿದರು:

"ಇರ್ಲಿ ಬುಡು ಬಳ್ಳಿ. ಈ ಮರ್ಯಾದಸ್ತರು ಒಬ್ರಿಗೊಬ್ರು ಕಾಣ್ದಂಗೆ ಕುಡಿಯಕ್ಕೆ ಅಷ್ಟು ಒಳ್ಳೆ ಮರೆ ಕಬ್ಬಿನ ಗದ್ದೇಲಿ ಎಲ್ಲಿ ಸಿಕ್ತದೆ? ಒಂದೇ ಮಾತು, ಜಾಡಿ ಮನೆಗೆ ತರ್ಬೇಡ. ನಿಮ್ಮವ್ವನ್ನ ಅಂಗೆ ಇನ್ನೊಂದ್ಸತಿ ನೋಡಕ್ಕೆ ನನ್ ಕೈಲಾಗಕಿಲ್ಲ."

ಸಂಜೆಯ ಬಸ್ಸಿನಲ್ಲಿ ಮಾವನವರೂ ನಾನೂ ಒಂದೇ ಸೀಟಿನಲ್ಲಿ ಕೂತೆವು. ಅವರು ಕಿಟಕಿಯ ಕಡೆ, ನಾನು ಓಡಾಡುವ ದಾರಿಯ ಕಡೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವೇನಾದರೂ ಇದೆಯೇ ಎಂದು ನಾನು ಯೋಚಿಸುತ್ತಿದ್ದೆ. ಬೆಳಗೊಳ ದಾಟಿದ ಮೇಲೆ ಅವರು ಕಿಟಕಿಯ ಹೊರಗಿನ ಗದ್ದೆಗಳನ್ನು ಕೇಳಿದರು:

"ಮುಂದಿನ್ ವರ್ಷ ಯಾವಾಗ ಕುಯ್ತಾರಂತೆ ದ್ರಾಕ್ಷೀಯ?"

ನಾನು ಎದುರಿನ ಸೀಟಿನ ಕಂಬಿಗೆ ಉತ್ತರ ಹೇಳಿದೆ: "ಶಿವರಾತ್ರಿ ಕಳೆದ ಮೇಲಂತೆ."

"ಆಗ ನಂಗೂ ಬಿಡುವಿರ್ತದೆ" ಎಂದರು. ಹಿಂದಿನ ಸೀಟಿನಲ್ಲಿ ಜಯಮ್ಮ ಕೆಮ್ಮಿದಳು.