ಗೊಂಬೆಯಿಲ್ಲದ ಮೆಟ್ಟಿಲು

ನಮ್ಮ ಅತ್ತೆಯ ಹೆಬ್ಬೆರಳಿನ ಉಗುರು ನಡುವಿಗೆ ಸೀಳಿತ್ತು. ಆ ಸೀಳಿನೊಳಗೆ ಅರಿಶಿನ ಕೂತು, ಎಷ್ಟು ತಿಕ್ಕಿದರೂ ಹೋಗದ ಹಳದಿ ಗೆರೆಯೊಂದು ಉಳಿದುಬಿಟ್ಟಿತ್ತು. ಕರಿಬೇವಿನ ಎಲೆಯನ್ನು ಮಗುಚಿ ಅದರ ಅಡಿ ನೋಡುತ್ತಿದ್ದದ್ದು ಅದೇ ಉಗುರಿನಿಂದ. ಬಲಗೈಯದು ಎಂದು ನನ್ನ ನೆನಪು. ಎಡಗೈಯದು ಎನ್ನುತ್ತಾಳೆ ಮಗಳು. ಇರುವ ಫೋಟೋಗಳಲ್ಲೆಲ್ಲ ಅವರು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಾರೆ. ಹಾಗಾಗಿ ಇಲ್ಲಿಂದ ಮುಂದೆ ನಾನು ಬರೆಯುವುದನ್ನೂ ಆ ಉಗುರಿನಷ್ಟೇ ನಂಬಬೇಕು.

ಮಗಳು ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಮನೆಗೆ ಬಂದವರೆಲ್ಲ ಅತ್ತೆಯ ಫೋಟೋ ನೋಡಿ, ಮೊಮ್ಮಗಳಿಗೆ ವಿಜ್ಞಾನದ ಹುಚ್ಚು ಹಿಡಿಸಿದ ಪುಣ್ಯಾತ್ಗಿತ್ತಿ ಎನ್ನುತ್ತಾರೆ. ಕೇಳಿ ನನಗೆ ಸಿಟ್ಟು ಬರುತ್ತದೆ. ಅತ್ತೆಗೆ ಹುಳ ಕಂಡರೆ ಆಗುತ್ತಿರಲಿಲ್ಲ. ಜಿರಲೆ ಕಂಡರೆ ಪೊರಕೆ, ಜೇಡ ಕಂಡರೆ ಚಪ್ಪಲಿ. ಕೆರೆ ದಂಡೆ, ಹಕ್ಕಿ, ಬೆಳಗಾಗೆದ್ದು ಕುಕ್ಕರಹಳ್ಳಿ ಕೆರೆಗೆ ಹೋಗುವುದು, ಇದೆಲ್ಲ ನನ್ನ ಗಂಡ ಮತ್ತು ಮಗಳ ಲೋಕ. ಅಪ್ಪ ಮಗಳು ಕಾಲಿಗೆ ಮೆತ್ತಿಕೊಂಡು ಬಂದ ಕೆಸರನ್ನು ಬೈಯುತ್ತಾ ತೊಳೆಯುವುದಷ್ಟೇ ಅತ್ತೆಯ ಪಾಲು.

ಅವಳು ಚಿಕ್ಕವಳಿದ್ದಾಗ, ಒಂದು ಬೇಸಿಗೆಯ ಬೆಳಿಗ್ಗೆ ನನ್ನ ಗಂಡ ಹಿತ್ತಲ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದವರು ಕುಸಿದು ಬಿದ್ದರು. ಹೃದಯ ನಿಂತುಹೋಗಿತ್ತಂತೆ. ಪಕ್ಕದಲ್ಲಿದ್ದದ್ದು ಮಗಳೊಬ್ಬಳೇ, ಮೂರನೇ ಕ್ಲಾಸಿನ ಹುಡುಗಿ. ಅವತ್ತಿನಿಂದ ಅವಳು ಮಾತು ಬಿಟ್ಟಳು. ಕರೆದರೆ ಬರುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು, ಬಾಯಿ ಮಾತ್ರ ತೆರೆಯಲಿಲ್ಲ. ಬಲವಂತ ಮಾಡಬೇಡಿ, ಕಾಯಿರಿ ಎಂದರು ಡಾಕ್ಟರು. ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದರು ಸ್ಕೂಲಿನವರು. ಸ್ವಲ್ಪ ದಿನವೆಂದರೆ ಮಳೆಗಾಲವೆಲ್ಲ.

ಕಾಯುವುದು ಅತ್ತೆಯಿಂದಾಗಲಿಲ್ಲ. ಮಗನನ್ನು ಕಳೆದುಕೊಂಡ ಹೆಂಗಸು ಮೊಮ್ಮಗಳನ್ನು ಕಣ್ಣೆದುರೇ ಕಳೆದುಕೊಳ್ಳುತ್ತಿದ್ದರು. ಹಿತ್ತಲ ಕರಿಬೇವಿನ ಗಿಡದ ಮುಂದೆ ಮಗಳು ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುತ್ತಾಳೆ ಎಂಬುದನ್ನು ಅವರು ನೋಡಿದರು. ತಾವೂ ಹೋಗಿ ಕೂತರು.

"ಏನೇ ಅದು? ಹಕ್ಕಿ ಹಿಕ್ಕೆನಾ?"

ಎಲೆಯ ಮೇಲಿನ ಹಿಕ್ಕೆ ಮೆಲ್ಲಗೆ ಹರಿದಾಡಿತು. ದಿನ ಕಳೆದಂತೆ ಆ ಹುಳ ಹಸಿರಾಯಿತು, ದಪ್ಪಗಾಯಿತು, ಒಗ್ಗರಣೆಗೆ ಎಲೆ ಇಲ್ಲದಂತೆ ಗಿಡ ಬೋಳಾಯಿತು. ಅತ್ತೆ ಒಮ್ಮೆ ಕಣ್ಣು ಮುಚ್ಚಿಕೊಂಡು ಅದರ ತಲೆ ಮುಟ್ಟಿದರು. ಒಳಗಿಂದ ಕೆಂಪು ಕೊಂಬೊಂದು ಸರ್ರನೆ ಹೊರಬಂತು. ಅತ್ತೆ ಹಿಂದಕ್ಕೆ ಹಾರಿ ಒಗೆಯುವ ಕಲ್ಲಿನ ಮೇಲೆ ದೊಪ್ಪನೆ ಕೂತರು. ಮಗಳ ತುಟಿ ಅಲುಗಿತು. ನಕ್ಕಳು ಎನ್ನಲಾರೆ. ಅಲುಗಿದ್ದನ್ನು ಅತ್ತೆ ಕಂಡರು. ಮಾರನೆಯ ದಿನ ಬೇಕೆಂದೇ ಮತ್ತೆ ಮುಟ್ಟಿದರು, ಮತ್ತೆ ಕಲ್ಲಿನ ಮೇಲೆ ಬಿದ್ದರು. ಆ ಸಲ ತುಟಿ ಅಲುಗಲಿಲ್ಲ. ಒಳಗೆ ಬಂದು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ.

ಅವರ ಮಾತು ಎರಡೇ. "ನಂಗೊತ್ತಿಲ್ಲ ಕಣೆ, ನೋಡಿ ಹೇಳು." ಅದಾದ ಮೇಲೆ, ಉತ್ತರವೇ ಬರದಿದ್ದರೂ, "ಆಮೇಲೆ?" ಇದನ್ನೀಗ ಒಳ್ಳೆಯ ಕಲಿಕೆಯ ವಿಧಾನ ಎನ್ನುವವರಿದ್ದಾರೆ. ಅತ್ತೆಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಹೇಳುವುದೊಂದಿದ್ದರೆ ಹುಡುಗಿ ಬಾಯಿ ಬಿಟ್ಟಾಳು, ಅಷ್ಟೇ ಅವರ ಲೆಕ್ಕ.

ದಸರೆ ಬಂತು. ನಮ್ಮದು ಅರಮನೆಯ ಚಾಕರಿಯಲ್ಲಿದ್ದವರ ಮನೆತನ, ಗೊಂಬೆ ತಪ್ಪಿದ್ದಿಲ್ಲ. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಗೊಂಬೆಯ ಪೆಟ್ಟಿಗೆ ಅಟ್ಟದ ಮೇಲೇ ಉಳಿಯಿತು. ಪಾಡ್ಯದ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ನಡುಮನೆಯಲ್ಲಿ ಮೆಟ್ಟಿಲು ಜೋಡಿಸಿ ಬಿಳಿ ಪಂಚೆ ಹಾಸಿದ್ದರು. ಮೇಲಿನ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ಜಾಗದಲ್ಲಿ, ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು. ಅದರ ಕೆಳಗೆ ಬಸವನಹುಳುವಿನ ಚಿಪ್ಪು, ಹಾವಿನ ಪೊರೆ, ಗುಲ್‌ಮೊಹರಿನ ಕಾಯಿ, ಅಪ್ಪ ಮಗಳು ಕೆರೆಯಿಂದ ತಂದಿದ್ದ ಗರಿಗಳು. ಎಲ್ಲಕ್ಕಿಂತ ಕೆಳಗೆ ಒಂದು ಲೋಟದಲ್ಲಿ ಕರಿಬೇವಿನ ರೆಂಬೆ. ಹುಳ ಅಷ್ಟರಲ್ಲಿ ಸೊಂಟಕ್ಕೊಂದು ಎಳೆ ಬಿಗಿದುಕೊಂಡು, ಆ ರೆಂಬೆಗೆ ಆತು ಕೋಶವಾಗಿತ್ತು.

ಶ್ರೀರಾಂಪುರದಿಂದ ಅತ್ತೆಯ ನಾದಿನಿ ಬಂದವರು ಬಾಗಿಲಲ್ಲೇ ನಿಂತರು.

"ಇದೇನತ್ತಿಗೆ, ಮಗ ಹೋದ ವರ್ಷಾನೇ ಗೊಂಬೆ ಕೂರಿಸ್ಬುಟ್ಟಿದೀರಾ?"

"ಗೊಂಬೆ ಎಲ್ಲಿದೆ? ಒಂದಾದ್ರೂ ಇದ್ರೆ ತೋರಿಸೇ."

"ನೋಡ್ದೋರು ಏನಂತಾರೆ?"

"ನೋಡೋಕೆ ಬರ್ಲಿ ಅಂತ್ಲೇ ಕಣೆ ಇಟ್ಟಿರೋದು."

ಗೊಂಬೆ ನೋಡಲು ಬಂದ ಮಕ್ಕಳಿಗೆ ಇದು ಯಾರು, ಇದರ ಕಥೆ ಏನು ಎಂದು ಹೇಳುವುದು ಆ ಮನೆಯ ಮಗುವಿನ ಕೆಲಸ. ಬೀದಿಯ ಮಕ್ಕಳು ಬಂದು ಕೇಳಿದರೆ ಇವಳು ಹೇಳಲೇಬೇಕಲ್ಲ ಎಂದು ಅತ್ತೆ ನಂಬಿದ್ದರು. ದಿನಾ ಸಂಜೆ ಉಸಲಿ ಮಾಡಿಟ್ಟುಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಸಾವಾದ ಮನೆಗೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಒಂದು ಪುಟ್ಟ ಹುಡುಗಿ ಗೇಟಿನ ಸಂದಿಯಿಂದ ಇಣುಕಿದಳು. ಅತ್ತೆ ಅವಳ ಕೈ ಹಿಡಿದುಕೊಂಡು ಬಾ ಕಂದ, ಬಾ ಎಂದು ಎಳೆದ ರಭಸಕ್ಕೆ ಹೆದರಿ ಅಳುತ್ತಾ ಓಡಿದಳು. ರಾತ್ರಿಯ ಊಟಕ್ಕೆ ನಮಗೆ ಆ ಉಸಲಿಯೇ.

ಆಯುಧಪೂಜೆಯ ಬೆಳಿಗ್ಗೆ ಕೋಶ ಕಪ್ಪಾಗಿತ್ತು.

ದಸರೆಯ ಸಂಜೆ ಮೆಟ್ಟಿಲಿಗೆ ಸಾಂಬ್ರಾಣಿ ಹಿಡಿಯುವುದು ಅತ್ತೆಯ ಕೈಗೆ ಅಂಟಿದ ಅಭ್ಯಾಸ. ಅಲ್ಲಿ ಗೊಂಬೆಯಿಲ್ಲ ಎಂಬುದು ಕೈಗೆ ಗೊತ್ತಾಗಿರಲಿಲ್ಲ. ದಿನವೂ ಹೊಗೆ ಹಿಡಿದಿದ್ದರು. ಕಪ್ಪಾದ ಕೋಶ ನೋಡಿದ್ದೇ ಅಲ್ಲೇ ನೆಲಕ್ಕೆ ಕೂತರು. "ನಾನೇ ಕೊಂದ್ಬುಟ್ಟೆ" ಎಂದರು. ಮಗನ ಹೆಣದ ಮುಂದೆ ಅಳದಿದ್ದವರು ಅವತ್ತು ಆ ಲೋಟದ ಮುಂದೆ ಅತ್ತರು.

ಕುಟುಂಬದಲ್ಲಿ ಓಡಾಡುವ ಕಥೆಯ ಪ್ರಕಾರ ಆಗ ಕೋಶ ಒಡೆದು ಚಿಟ್ಟೆ ಹೊರಬಂತು, ಮಗು ಚಿಟ್ಟೆ ಎಂದು ಕೂಗಿತು. ಹೀಗೆ ಹೇಳುವ ಅತ್ತೆಯ ನಾದಿನಿ ಅವತ್ತು ಅಲ್ಲಿರಲಿಲ್ಲ. ಚಿಟ್ಟೆ ಬರಲಿಲ್ಲ. ಕೋಶದ ಪಕ್ಕದಲ್ಲಿ ಸೂಜಿ ಚುಚ್ಚಿದಷ್ಟು ತೂತು ಬಿದ್ದು, ಅದರಿಂದ ಸಾಸಿವೆಗಿಂತ ಸಣ್ಣ ಕಪ್ಪು ಕಣಜಗಳು ಒಂದರ ಹಿಂದೊಂದು ಬಂದವು. ಹುಳವನ್ನು ಒಳಗಿಂದಲೇ ತಿಂದು ಬೆಳೆದವು. ಮಗಳು ಲೋಟಕ್ಕೆ ಮುಖ ಹತ್ತಿರ ತಂದು ನೋಡಿದಳು.

"ಅಜ್ಜಿ, ನೀನಲ್ಲ."

ದನಿ ಒಡೆದಿತ್ತು. "ಇವು ಒಳಗೇ ಇದ್ವು. ತೂತು ನೋಡು."

ಅತ್ತೆ ತಿರುಗಿ ಅವಳನ್ನು ಅಪ್ಪಿಕೊಳ್ಳಲಿಲ್ಲ, ಮುಖವನ್ನೂ ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತದೆ ಎಂಬಂತೆ ಕಣಜಗಳನ್ನೇ ದಿಟ್ಟಿಸುತ್ತಾ ಕೇಳಿದರು.

"ಆಮೇಲೆ?"

ಇದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆನೋ, ಅಡುಗೆಮನೆಯಿಂದಲೋ ಎಂದು ಕೇಳಿದರೆ ಹೇಳಲಾರೆ. ಮಗಳಿಗೆ ಸಾಂಬ್ರಾಣಿಯ ವಾಸನೆ ಬಿಟ್ಟು ಏನೂ ನೆನಪಿಲ್ಲ.

ಮಾತು ಒಮ್ಮೆಲೇ ಮರಳಲಿಲ್ಲ. ಹುಳದ ವಿಷಯಕ್ಕೆ ಮಾತ್ರ ಬರುತ್ತಿತ್ತು. ಅದಕ್ಕೇ ಅತ್ತೆ ಮನೆಯಲ್ಲಿ ಹುಳ ಖಾಲಿಯಾಗಲು ಬಿಡಲಿಲ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಗೊದಮೊಟ್ಟೆ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಸತ್ತ ದುಂಬಿಯ ಡಬ್ಬಿ. ಮುಟ್ಟುವಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಯವರೆಗೂ ಮುಚ್ಚಿಕೊಂಡರು.

ಹೋದ ಚಳಿಗಾಲದಲ್ಲಿ ಅವರು ಹೋದರು. ಅದೇ ನಡುಮನೆಯಲ್ಲಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿ, ತಲೆಯ ಹತ್ತಿರ ಅಕ್ಕಿಯ ಮೇಲೆ ದೀಪ ಇಟ್ಟೆವು. ಮಗಳು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಗೋಡೆ ಕಡೆ ಕುಕ್ಕರಗಾಲಲ್ಲಿ ಕೂತಿದ್ದಳು, ಮೂರನೇ ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆಯೇ. ಮತ್ತೆ ಮಾತು ಬಿಟ್ಟಳೇ ಎಂದುಕೊಂಡೆ. ಅಕ್ಕಿಗೆ ಇರುವೆ ಸಾಲುಗಟ್ಟಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಅಜ್ಜಿ ಹೆಣದ ಮುಂದೆ ಇರುವೆ ನೋಡ್ತಾ ಕೂತವ್ಳಲ್ಲ, ಏಳೇ" ಎಂದರು ನಾದಿನಿ.

ನಾನು ಹೋಗಿ ಅವಳ ಪಕ್ಕ ಕೂತೆ. "ನೋಡಿ ಹೇಳು" ಎಂದೆ. ದನಿ ಅತ್ತೆಯದರಂತೆ ಇರಲಿಲ್ಲ.

ಅವಳು ಇರುವೆ ಸಾಲಿನ ಹತ್ತಿರಕ್ಕೆ ಬಗ್ಗಿದಳು.

"ದೀಪದ ಹತ್ರ ಬಂದು ಬಳಸ್ಕೊಂಡು ಹೋಗ್ತಿವೆ" ಎಂದಳು. "ಬಿಸಿ ಗೊತ್ತಾಗತ್ತೆ ಅನ್ಸತ್ತೆ."

ಇಷ್ಟು ವರ್ಷ ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಆ ಒಂದು ಮಾತಿನಲ್ಲಿ ಎಷ್ಟು ಭಯವಿತ್ತೆಂದು ಅದನ್ನು ನಾನೇ ಆಡುವಾಗ ತಿಳಿಯಿತು.

"ಆಮೇಲೆ?"