ಗೊಬ್ಬರದ ಮೂಟೆಗಳೊಂದಿಗೆ ಬೊಮ್ಮಸಂದ್ರಕ್ಕೆ

ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟಾಗ ಬೆಳಿಗ್ಗೆ ಏಳೂವರೆ. ಗೂಡ್ಸ್ ಆಟೋದ ಹಿಂದೆ ಗೊಬ್ಬರದ ಮೂಟೆಗಳು, ಮುಂದೆ ಡ್ರೈವರ್ ಸಲೀಂ ಪಕ್ಕದಲ್ಲಿ ನಾನು. ಬೊಮ್ಮಸಂದ್ರದ ಹಿಂದಿರುವ ಹಳ್ಳಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಹೋಗಿಬರಲು ಎರಡು ಸಾವಿರದ ಇನ್ನೂರು ಎಂದು ಮಾತಾಗಿತ್ತು. ಮೂಟೆ ಏರಿಸುವ ಮೊದಲು ಸಲೀಂ ಒಂದರ ಬಾಯಿ ಬಿಚ್ಚಿ ಮೂಸಿ ನೋಡಿದ. "ಗಲೀಜು ವಾಸನೆ ಏನೂ ಇಲ್ಲ ಮೇಡಂ. ನಿಜವಾಗ್ಲೂ ಕಸದಿಂದ ಮಾಡಿದ್ದಾ?" ಎಂದ.

ಕಸದಿಂದಲೇ ಮಾಡಿದ್ದು. ನಾನು ರಾಣೆಬೆನ್ನೂರಿನವಳು. ಬ್ಯಾಂಕಿನ ಕೆಲಸ ಬಿಟ್ಟಮೇಲೆ, ಅಪಾರ್ಟ್‌ಮೆಂಟಿನ ಅಡುಗೆಮನೆಗಳ ಹಸಿ ಕಸವನ್ನು ಗೊಬ್ಬರ ಮಾಡಿಸುವ ಹೊಣೆ ಹೇಗೋ ನನ್ನ ತಲೆಗೆ ಬಿತ್ತು. ಆದ ಗೊಬ್ಬರವನ್ನು ಒಯ್ಯುತ್ತಿದ್ದವರು ಮುನಿರಾಜಣ್ಣ. ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಗುತ್ತಿಗೆ ಹೊಲ ಹಿಡಿದು ಸೊಪ್ಪು ಬೆಳೆಯುತ್ತಿದ್ದರು. ಅವರ ಹಳ್ಳಿಯಲ್ಲಿ ಈಗ ದನ ಸಾಕುವವರಿಲ್ಲ, ಕೊಟ್ಟಿಗೆ ಗೊಬ್ಬರ ಸಿಗುವುದಿಲ್ಲ. ನಮ್ಮ ಕಸ ಅವರಿಗೆ ಬೇಕಿತ್ತು. ಆದರೆ ಈ ಸಲ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಬೇಸ್‌ಮೆಂಟಿನಲ್ಲಿ ಮೂಟೆಗಳು ಸೇರುತ್ತಲೇ ಹೋದವು. ಕಾರು ನಿಲ್ಲಿಸುವವರು ಗಲಾಟೆ ಮಾಡಿದರು. ವಾರದೊಳಗೆ ಇದು ಖಾಲಿಯಾಗದಿದ್ದರೆ ಗೊಬ್ಬರ ಮಾಡುವುದನ್ನೇ ನಿಲ್ಲಿಸಿ ಎಲ್ಲವನ್ನೂ ಕಸದ ಲಾರಿಗೆ ಹಾಕೋಣ ಎಂದು ಕಮಿಟಿಯವರು ತೀರ್ಮಾನಿಸಿಬಿಟ್ಟರು. ವಾದ ಮಾಡಲು ನನ್ನಲ್ಲಿ ತ್ರಾಣವಿರಲಿಲ್ಲ. ನಾನೇ ಒಯ್ದು ಕೊಟ್ಟುಬರೋಣ ಎಂದು ಹೊರಟೆ.

ಮಾರತ್ತಹಳ್ಳಿ ದಾಟಲು ಅರ್ಧ ಗಂಟೆ, ವರ್ತೂರು ದಾಟಲು ಇನ್ನೂ ಹೆಚ್ಚು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಸೆಕೆಗೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ದೊಮ್ಮಸಂದ್ರದಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೆವು. ಅಲ್ಲಿಂದ ಚಂದಾಪುರದವರೆಗೆ ರಸ್ತೆಯ ಎರಡೂ ಬದಿ ಲೇಔಟುಗಳು: ಕಮಾನು, ಕಮಾನಿನ ಹಿಂದೆ ಖಾಲಿ ಸೈಟು, ಸೈಟಿನ ತುಂಬ ಪಾರ್ಥೇನಿಯಂ. ನಡುನಡುವೆ ಎಲ್ಲೋ ಒಂದು ತುಂಡು ರಾಗಿ, ಒಂದು ತುಂಡು ಗುಲಾಬಿ. ಚಂದಾಪುರದ ಬಳಿ ರಾತ್ರಿ ಶಿಫ್ಟ್ ಮುಗಿಸಿದವರ ಬಸ್ಸುಗಳು ಎದುರಾದವು. ಕಿಟಕಿಗೆ ತಲೆಯಾನಿಸಿ ಎಲ್ಲರೂ ನಿದ್ದೆಹೋಗಿದ್ದರು. ಅವರನ್ನು ನೋಡಿ ನನಗೂ ಕಣ್ಣೆಳೆಯಿತು.

ಹಳ್ಳಿ ಮುಟ್ಟಿದಾಗ ಹತ್ತು ದಾಟಿತ್ತು. ಮುನಿರಾಜಣ್ಣನ ಹೆಂಡತಿ ಜಯಮ್ಮ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದರು. ಬೆಳಗಿನ ಹೊತ್ತು ಸೊಪ್ಪು ಬೆಳೆಯುವವರು ಸುಮ್ಮನೆ ಕೂರುವುದನ್ನು ನಾನು ನೋಡಿರಲಿಲ್ಲ.

"ಗೊಬ್ಬರ ತಂದ್ಬುಟ್ರಾ ಅಕ್ಕ?" ಎಂದರು. "ಆಕಕ್ಕೆ ಒಲ ಎಲ್ಲೈತೆ?"

ಹೊಲದ ಮಾಲೀಕ ಮಾರಿಬಿಟ್ಟಿದ್ದ. ಕೊಂಡವರು ಬಂದು ಸುತ್ತ ತಗಡಿನ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದಿದ್ದರು. ಒಳಗೆ ದಂಟು, ಸಬ್ಬಸಿಗೆ, ಮೆಂತ್ಯ ಎಲ್ಲ ಕೊಯ್ಲಿಗೆ ಬಂದು ನಿಂತಿದ್ದವು. ಆ ದಿನದಿಂದ ಮುನಿರಾಜಣ್ಣ ಫೋನು ಎತ್ತದೆ, ಮಾತು ಬಿಟ್ಟು, ಊರೊಳಗೆಲ್ಲೋ ಸುತ್ತುತ್ತಿದ್ದರಂತೆ.

"ಕೇಳಿ ನೋಡಿದ್ರಾ? ಬೆಳೆದದ್ದನ್ನಾದ್ರೂ ಕೊಯ್ಕೋತೀವಿ ಅಂತ?"

"ಕೇಳ್ದೆ. ಆ ವಾಚ್‌ಮನ್ ಮಾತು ನಂಗೆ ತಿಳೀಲಿಲ್ಲ, ನನ್ ಮಾತು ಅವನ್ಗೆ ತಿಳೀಲಿಲ್ಲ."

ನಾವು ಮೂವರೂ ಬೇಲಿಯವರೆಗೆ ನಡೆದೆವು. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದವನು ಎದ್ದು ನಿಂತು, "ಒಳಗ ಬಿಡಂಗಿಲ್ರೀ" ಎಂದ. ಆ ಒಂದು ಮಾತು ಸಾಕಾಯಿತು.

"ಯಾವೂರು ತಮ್ಮಾ ನಿಂದು?"

ಅವನ ಮುಖ ಬದಲಾಯಿತು. "ಸಿಂದಗಿ ಕಡೀಯವ ರೀ. ನೀವು?"

"ರಾಣೆಬೆನ್ನೂರಾಕಿ. ನೋಡಪಾ, ಇವರು ಭೂಮಿ ಕೇಳಾಕತ್ತಿಲ್ಲ. ತಾವು ಬಿತ್ತಿದ್ದ ಸೊಪ್ಪು-ತಪ್ಪಲಾ ಕೇಳಾಕತ್ತಾರ. ನಾಳೆ ಜೆಸಿಬಿ ಬಂದ್ರ ಮಣ್ಣಾಗ ಹೊಕ್ಕೈತಿ. ಉಣ್ಣೋ ಪದಾರ್ಥ."

ಅವನು ರಸ್ತೆಯತ್ತ ನೋಡಿದ, ಮತ್ತೆ ಬೀಗದತ್ತ ನೋಡಿದ. "ಸೂಪರ್‌ವೈಸರ್ ಮೂರಕ್ಕ ಬರ್ತಾನ್ರೀ ಅಕ್ಕಾರ. ಅದರೊಳಗ ಏನ್ ಕೊಯ್ತೀರಿ ಕೊಯ್ರಿ. ನಾ ಏನೂ ನೋಡಿಲ್ಲ." ಬೀಗ ತೆಗೆದು, ಬೇಲಿಗೆ ಬೆನ್ನು ಹಾಕಿ ಕುಳಿತುಕೊಂಡ.

ಮಧ್ಯಾಹ್ನದ ತನಕ ಬಗ್ಗಿ ಕೊಯ್ದೆವು. ಸಲೀಂ ಮೊದಲು ಇನ್ನೊಂದು ಲೋಡ್ ಇದೆ ಎಂದು ಗೊಣಗಿದ. ಆಮೇಲೆ ತಾನೂ ಪ್ಯಾಂಟು ಮಡಚಿ ಇಳಿದ. ನನ್ನ ಸೊಂಟ ಹಿಡಿದುಕೊಂಡಿತು. ಪಕ್ಕದ ಕಾರ್ಖಾನೆಯಿಂದ ಔಷಧಿಯ ಘಾಟು ಬಂದು ಬಂದು ಹೋಗುತ್ತಿತ್ತು. ಯಾರೋ ಹೇಳಿ ಮುನಿರಾಜಣ್ಣನೂ ಬಂದರು. ಸ್ವಲ್ಪ ಹೊತ್ತು ಗೇಟಿನ ಹೊರಗೇ ನಿಂತಿದ್ದು, ಒಳಗೆ ಬಂದು ಕುಡುಗೋಲು ಹಿಡಿದರು. ಮೂಲಂಗಿ ಇನ್ನೂ ಎಳೆಯದು. ಅದನ್ನು ಬಿಟ್ಟೇ ಹೊರಡಬೇಕಾಯಿತು. ಹೊರಡುವ ಮುಂಚೆ ಮುನಿರಾಜಣ್ಣ ಖಾಲಿಯಾದ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣೆತ್ತಿ ನನ್ನ ಅಂಗೈಗೆ ಹಾಕಿದರು. ಕಪ್ಪಗೆ, ಮೆತ್ತಗಿತ್ತು.

"ಮೊದ್ಲು ಇದು ಇಟ್ಟಿಗೆ ಇದ್ದಂಗಿತ್ತು ಅಕ್ಕ. ನಿಮ್ ಗೊಬ್ಬರ ಆಕಿ ಆಕಿ ಈಗ ಇಂಗಾಗಿತ್ತು. ಸೊಪ್ಪಾದ್ರೆ ಕುಯ್ಕೊಂಡು ಓಗ್ಬೋದು. ಮಣ್ಣು ಎಂಗೆ ಎತ್ಕೊಂಡು ಓಗಾದು?"

ನಮ್ಮ ಮನೆಗಳ ಎಷ್ಟೋ ದಿನದ ಸಿಪ್ಪೆ, ತೊಟ್ಟು, ಟೀ ಚರಟ ಆ ನೆಲದಲ್ಲಿತ್ತು. ಅದರ ಮೇಲೆ ಇನ್ನು ಕಾಂಕ್ರೀಟು ಬೀಳುತ್ತದೆ.

ಮನೆಗೆ ಮರಳಿ ಜಯಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಉಂಡಮೇಲೆ ಮೂಟೆಗಳ ಮಾತು ಬಂತು. ಮನೆಯ ಹಿಂದೆ ಅವರದೇ ಸ್ವಂತದ ಸ್ವಲ್ಪ ಜಾಗವಿದೆ. ಅಲ್ಲಿ ಕಾರ್ಖಾನೆ ಹುಡುಗರಿಗೆ ಬಾಡಿಗೆ ಕೊಡಲು ಶೀಟಿನ ರೂಮುಗಳನ್ನು ಕಟ್ಟಬೇಕೆಂದು ಮುನಿರಾಜಣ್ಣ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಗೆರೆ ಬೇಲಿಯಿಂದ ಬೇಲಿಗೆ ಇಡೀ ಜಾಗವನ್ನು ಸುತ್ತುವರಿದಿತ್ತು.

"ಇಲ್ಲೇ ಇಳ್ಸಿ" ಎಂದರು ಜಯಮ್ಮ.

"ಎಲ್ಲಿ ಇಳ್ಸದು? ರೂಮ್ ಒಳೀಕಾ?" ಮುನಿರಾಜಣ್ಣ ದನಿಯೇರಿಸಿದರು. "ರೂಮಾದ್ರೆ ತಿಂಗ್ಳು ತಿಂಗ್ಳು ಬಾಡಿಗೆ ಬತ್ತದೆ. ಸೊಪ್ಪಿಗೆ ಯಾವನು ಗ್ಯಾರಂಟಿ?"

"ಬಾಡಿಗೆ ಬರ್ಲಿ, ನಾನೇನ್ ಬ್ಯಾಡ ಅಂದ್ನಾ? ರಸ್ತೆ ಕಡೀಕೆ ಕಟ್ಟು. ಇಂದ್ಗಡೆ ನಂಗೆ ಬುಡು. ಈ ವಯಸ್ನಾಗೆ ದಂಟಿನ ಸೊಪ್ಪನ್ನ ಅಂಗಡೀಲಿ ಕಾಸು ಕೊಟ್ಟು ತರಕ್ಕೆ ನನ್ ಕೈಲಾಗಲ್ಲ ಕಣಪ್ಪ."

ನಾನೂ ಸಲೀಮನೂ ಆಟೋದ ಪಕ್ಕ ನೆಲ ನೋಡುತ್ತ ನಿಂತೆವು. ಮುನಿರಾಜಣ್ಣ ಹಿಂಬದಿಯ ಗೆರೆಯ ಮೇಲೆ ಕಾಲಿಟ್ಟು, ಎಳೆಯುತ್ತ ಎಳೆಯುತ್ತ, ಜಾಗದ ಅರ್ಧದವರೆಗೆ ಅಳಿಸಿದರು. "ಇಳ್ಸಪ್ಪ" ಎಂದರು ಸಲೀಮನಿಗೆ. ಆಮೇಲೆ ಹೆಂಡತಿಯ ಮುಖ ನೋಡದೆ ಮೂಟೆಗೆ ಹೆಗಲು ಕೊಟ್ಟರು.

ತಂದ ಮೂಟೆಗಳೆಲ್ಲ ಅಲ್ಲಿ ಹಿಡಿದವು, ಆದರೆ ಕಷ್ಟದಿಂದ. ಮುಂದಿನ ಸಲದ ಗೊಬ್ಬರಕ್ಕೆ ಇಲ್ಲಿ ಜಾಗವಿರುವುದಿಲ್ಲ ಎಂಬುದು ನನಗೂ ಗೊತ್ತಾಯಿತು, ಅವರಿಗೂ.

ವಾಪಸು ಬರುವಾಗ ಆಟೋದ ತುಂಬ ಸೊಪ್ಪು. ನಮ್ಮ ಗೇಟಿನಲ್ಲೇ ಮಾರೋಣ ಎಂದು ಜಯಮ್ಮನನ್ನೂ ಕರೆತಂದೆ. ನಮ್ಮಿಬ್ಬರ ನಡುವೆ ಒತ್ತಿಕೊಂಡು ಕುಳಿತ ಅವರು ದಾರಿಯುದ್ದಕ್ಕೂ ಹಿಂದಿನ ಕಿಂಡಿಯಿಂದ ಸೊಪ್ಪು ಬಾಡುತ್ತಿದೆಯೇ ಎಂದು ನೋಡುತ್ತಿದ್ದರು. ವರ್ತೂರಿನಲ್ಲಿ ಗಾಡಿ ಕದಲದೆ ನಿಂತಾಗ ಕುಡಿಯುವ ನೀರಿನ ಬಾಟಲಿ ಹಿಡಿದು ಇಳಿದುಹೋಗಿ, ಕಟ್ಟುಗಳ ಮೇಲೆ ಚಿಮುಕಿಸಿ ಬಂದರು.

ಗೇಟಿನ ಬಳಿ ಟಾರ್ಪಾಲು ಹಾಸಿದ್ದೇ ತಡ, ಆಫೀಸಿನಿಂದ ಮರಳುತ್ತಿದ್ದವರು ಸುತ್ತುಗಟ್ಟಿದರು. ಕತ್ತಲಾಗುವ ಮೊದಲೇ ಎಲ್ಲ ಖಾಲಿ. ಬೇಸ್‌ಮೆಂಟಿನ ಮೂಟೆಗಳ ಬಗ್ಗೆ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಮೂರನೇ ಮಹಡಿಯಾಕೆ ಎರಡು ಕಟ್ಟು ಸಬ್ಬಸಿಗೆ ಕೊಂಡು, "ತುಂಬ ಫ್ರೆಶ್ ಇದೆ ಕಣ್ರೀ. ಮುಂದಿನ ವಾರನೂ ತರ್ತೀರಾ?" ಎಂದು ಕೇಳಿದಳು.

ಜಯಮ್ಮ ಟಾರ್ಪಾಲು ಕೊಡವುತ್ತ ಹೇಳಿದರು: "ಮುಂದಿನ ವಾರ ಎಲ್ಲಿಂದ ತರಾನಮ್ಮ? ಮಡಿ ಮಾಡ್ಬೇಕು, ಬಿತ್ಬೇಕು, ಬರ್ಬೇಕು. ಒಂದ್ ತಿಂಗ್ಳು ತಡೀರಿ. ಬೋ ಆಗಲ್ಲ, ಸ್ವಲ್ಪ ಆಯ್ತದೆ. ಬಂದಷ್ಟು ತತ್ತೀನಿ."

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಸಿಲ್ಕ್ ಬೋರ್ಡಿನವರೆಗೆ ಬಸ್ಸು, ಅಲ್ಲಿಂದ ಬೊಮ್ಮಸಂದ್ರಕ್ಕೆ ಮೆಟ್ರೋ. ಬಸ್ಸು ತುಂಬಿ ಬಂತು. ಜಯಮ್ಮ ಹೇಗೋ ನುಗ್ಗಿ ಕಂಬಿ ಹಿಡಿದು ನಿಂತರು. ಗಾಜಿನಾಚೆ ಅವರ ಕಣ್ಣು ಆಗಲೇ ಮುಚ್ಚಿತ್ತು. ಮುಂದೆ ಸಿಗ್ನಲ್ ಕೆಂಪಿತ್ತು, ಬಸ್ಸು ಕದಲಲಿಲ್ಲ. ಅದು ಬಿಡುವವರೆಗೆ ನಾನೂ ಅಲ್ಲೇ ನಿಂತೆ.